ಮೇಲಿನ ಕೋಣೆಗೆ ಸಿಗ್ನಲ್

ಜನವರಿ ೧೧, ಆದಿತ್ಯವಾರ

ಏಪ್ರಿಲ್‌ನಲ್ಲಿ ಬರುತ್ತಾರಂತೆ. ಈ ಸಲ ರಜೆಗಲ್ಲ, ಗಂಟುಮೂಟೆ ಸಮೇತ. ನನ್ನ ತಂಗಿ ಶರ್ಮಿಳಾ ವಿಡಿಯೋ ಕಾಲ್‌ನಲ್ಲಿ ಹೇಳಿದಳು: "ಅಕ್ಕ, ಮಸ್ಕತ್ ಸಾಕಾಯ್ತು. ಇವರು ಕಂಪೆನಿಯ ಲೆಕ್ಕದ ಕೆಲಸ ಊರಲ್ಲಿ ಕೂತೇ ಮಾಡ್ಬಹುದಂತೆ. ಆದ್ರೆ ಮನೆಯ ವಿಷಯ ಉಂಟಲ್ಲ ಅಕ್ಕ, ಅದು ಎಂತ ಅಂದ್ರೆ..." ಅಷ್ಟಕ್ಕೆ ಸಿಗ್ನಲ್ ಹೋಗಿ ಅವಳು ತೆರೆದ ಬಾಯಿಯಲ್ಲೇ ನಿಂತುಬಿಟ್ಟಳು. ನಮ್ಮ ಅಡುಗೆಕೋಣೆಯಲ್ಲಿ ಕೂತು ಮಾತಾಡಿದರೆ ಇದು ಮಾಮೂಲು.

ಪುನಃ ಮಾತು ಕೂಡಿದಾಗ ನಾನೇ ಹೇಳಿದೆ, "ಮನೆಯ ವಿಷಯ ನೀನು ತಲೆಬಿಸಿ ಮಾಡ್ಬೇಡ. ಮೇಲಿನ ಎರಡೂ ಕೋಣೆ ನಿಮಗೆ. ನಾನು ಎಲ್ಲ ರೆಡಿ ಮಾಡಿಸ್ತೇನೆ." ಅವಳು ಸುಮ್ಮನೆ ನೋಡುತ್ತಿದ್ದಳು. ಇನ್ನೂ ಸಿಕ್ಕಿಹಾಕಿಕೊಂಡಿದ್ದಾಳೋ ಏನೋ ಅಂದುಕೊಂಡೆ. ಆಮೇಲೆ "ಆಯ್ತಕ್ಕ" ಅಂದಳು.

ಅವಳ ಮಗಳು ತೃಷಾ ನನ್ನ ಭುಜಕ್ಕೆ ಗಲ್ಲ ಊರಿಕೊಂಡು ಇದನ್ನೆಲ್ಲ ಕೇಳುತ್ತಿದ್ದಳು. ಅಪ್ಪ ಅಮ್ಮ ಬರುವ ಸುದ್ದಿಗೆ ಹಾರಾಡುತ್ತಾಳೆ ಅಂದುಕೊಂಡಿದ್ದೆ. ಫೋನಿನ ಗಾಜು ಒರೆಸುತ್ತ ಕೂತಳು. ಪರೀಕ್ಷೆಯ ಚಿಂತೆ ಇರಬೇಕು. ಈ ಹುಡುಗಿಯನ್ನು ಒಂದನೇ ಕ್ಲಾಸಿಗೆ ನಾನೇ ಕೈಹಿಡಿದು ಕರೆದುಕೊಂಡು ಹೋದವಳು. ಈಗ ಸೆಕೆಂಡ್ ಪಿಯುಸಿ.

ನಾಲ್ಕು ಜನರ ಮನೆ ಆಗುತ್ತದೆ ನಮ್ಮದು. ಅಮ್ಮ ಹೋದ ಮೇಲೆ ಮೇಲಿನ ಕೋಣೆಗಳ ಕಿಟಕಿ ತೆಗೆದದ್ದೇ ಕಡಿಮೆ. ಸಂಜೆ ಹತ್ತಿ ಹೋಗಿ ಎಲ್ಲ ತೆರೆದು ಬಂದೆ.

ಜನವರಿ ೧೭, ಶನಿವಾರ

ಶರ್ಮಿಳಾಳ ಗಂಡ ಲತೇಶ ಮೇಲೆ ಕೂತು ಕೆಲಸ ಮಾಡಬೇಕಾದರೆ ಅಲ್ಲಿಗೆ ಇಂಟರ್ನೆಟ್ ಹತ್ತಬೇಕು. ನಮ್ಮದು ಹಳೆಯ ಮನೆ, ಮುರಕಲ್ಲಿನ ದಪ್ಪ ಗೋಡೆ. ರೂಟರ್ ಇರುವುದು ಚಾವಡಿಯಲ್ಲಿ. ಅದರ ಸಿಗ್ನಲ್ ಅಡುಗೆಕೋಣೆಗೆ ಬರುವಾಗಲೇ ಏದುಸಿರು ಬಿಡುತ್ತದೆ. ಮೇಲಕ್ಕಂತೂ ಹತ್ತುವುದೇ ಇಲ್ಲ.

ಶಾಲೆ ಅರ್ಧ ದಿನ ಇತ್ತು. ಪಂಪ್‌ವೆಲ್‌ನಲ್ಲಿ ಇಳಿದು ಒಂದು ಎಕ್ಸ್‌ಟೆಂಡರ್ ತಂದೆ. ಗೋಡೆಯ ಪ್ಲಗ್ಗಿಗೆ ಚುಚ್ಚುವ ಬಿಳಿ ಡಬ್ಬಿ, ಎರಡು ಕಿವಿ. ತಂದ ಕೂಡಲೇ ಓಡಿ ಮೇಲಿನ ಕೋಣೆಯ ಪ್ಲಗ್ಗಿಗೆ ಹಾಕಿದೆ. ಬೇಕಾದದ್ದು ಅಲ್ಲಿಗೇ ತಾನೇ? ಕೆಂಪು ದೀಪ ಬಿಟ್ಟರೆ ಬೇರೆ ಏನೂ ಇಲ್ಲ. ತೃಷಾ ಬಿದ್ದು ಬಿದ್ದು ನಕ್ಕಳು.

"ದೊಡ್ಡಮ್ಮ, ಅದಕ್ಕೇ ಕೇಳಿಸದಿದ್ರೆ ಅದು ಬೇರೆಯವರಿಗೆ ಎಂತ ಹೇಳುದು? ಅರ್ಧ ದಾರಿಯಲ್ಲಿ ಇಡ್ಬೇಕು ಮಾರ್ರೆ."

ಅರ್ಧ ದಾರಿ ಎಂದರೆ ಮೆಟ್ಟಿಲಿನ ತಿರುವು. ಅಲ್ಲಿ ಪ್ಲಗ್ ಇಲ್ಲ. ಎಲೆಕ್ಟ್ರಿಷಿಯನ್ ಲೋಕಯ್ಯನಿಗೆ ಫೋನ್ ಮಾಡಿದ್ದೇನೆ.

ಜನವರಿ ೨೦, ಮಂಗಳವಾರ

ಲೋಕಯ್ಯ ಡ್ರಿಲ್ಲಿಂಗ್ ಶುರು ಮಾಡಿದ್ದೇ ಪಕ್ಕದ ಮನೆಯ ಡುಲ್ಸಿನ್ ಬಾಯಿ ಕಂಪೌಂಡಿನ ಮೇಲಿಂದ ಇಣುಕಿದರು. "ಎಂತ ಟೀಚರ್, ತಂಗಿ ಬರ್ಲಿಕ್ಕೆ ಮುಂಚೆ ಮನೆ ಬೀಳಿಸ್ತೀರಾ?"

"ಅಲ್ಲ ಬಾಯಿ, ಇಂಟರ್ನೆಟ್ ಮೇಲೆ ಹತ್ತಿಸ್ತಾ ಇದ್ದೇನೆ."

"ಹತ್ತಿಸಿ ಹತ್ತಿಸಿ. ನನ್ನ ಮಂಡಿನೋವಿಗೂ ಅಂಥದ್ದೊಂದು ಡಬ್ಬಿ ಸಿಗ್ತದಾ ಕೇಳಿ."

ಕೆಂಪು ಧೂಳು ಗುಡಿಸಿ ಮುಗಿಯುವಾಗ ಸಂಜೆಯಾಯಿತು. ದೀಪ ಹಸಿರಾಯಿತು. ಮೇಲೂ ಬಂತು, ಅಡುಗೆಕೋಣೆಗೂ ಬಂತು! ಈ ಹೊಸ ಜಾಲಕ್ಕೆ ಒಂದು ಹೆಸರು ಕೊಡಬೇಕಂತೆ. ‘ಬೆಳುದಿಂಗಳು’ ಅಂತ ಇಡು ಅಂದೆ.

"ವೈಫೈಗೆ ಬೆಳುದಿಂಗಳಾ! ಫ್ರೆಂಡ್ಸ್ ಬಂದ್ರೆ ನಾನು ಯಾವ ಮುಖದಲ್ಲಿ ಹೇಳುದು?"

ಸ್ವಲ್ಪ ಯೋಚಿಸಿ ಅವಳೇ ಬರೆದಳು: ‘ನಮ್ಮ ಇಲ್ಲ್’. ನಮ್ಮ ಮನೆ.

ನನಗೆ ಎಷ್ಟು ಸಂತೋಷವಾಯಿತೆಂದರೆ ಇಲ್ಲಿ ಬರೆದಿಡದೆ ಆಗುವುದಿಲ್ಲ. ನಾವು ಮನೆಯಲ್ಲಿ ಆಡುವುದು ತುಳು. ಕಾಗದದ ಮೇಲೆ ಮಾತ್ರ ನಾನು ಕನ್ನಡದವಳು. ತುಳುವಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಶಬ್ದ ಉಂಟು. ಯಾರಿಗೆ ಹೇಳುತ್ತಿದ್ದೇವೋ ಅವರನ್ನೂ ಸೇರಿಸಿಕೊಂಡರೆ ‘ನಮ’; ‘ನಮ್ಮ’ ಅದರದ್ದೇ ರೂಪ. ಅವರನ್ನು ಹೊರಗಿಟ್ಟರೆ ‘ಎಂಕುಲು’. ಕನ್ನಡಕ್ಕೆ ಈ ಕಟ್ಟುನಿಟ್ಟು ಇಲ್ಲ. ಎಂ.ಎ. ಓದುವಾಗ ಇದು ಬರಿಯ ವ್ಯಾಕರಣವಾಗಿತ್ತು. ಇವತ್ತು ಹುಡುಗಿ ಎರಡರಲ್ಲಿ ಒಂದನ್ನು ಆರಿಸಿ ಗೋಡೆಯ ಡಬ್ಬಿಯ ಮೇಲೆ ಬರೆದಳು.

ಜನವರಿ ೨೮, ಬುಧವಾರ

ಮೇಲಿನ ಕೋಣೆಗೆ ಸುಣ್ಣ ಆಯಿತು. ತೃಷಾ ಈಗ ಓದುವುದು, ಆನ್‌ಲೈನ್ ಕೋಚಿಂಗ್ ಕೇಳುವುದು ಎಲ್ಲ ಅಲ್ಲಿಯೇ. ಇಷ್ಟು ವರ್ಷ ಸಿಗ್ನಲ್ ಇರುವ ಜಾಗ ಅಂತ ಚಾವಡಿಯ ಮೇಜಿನಲ್ಲೇ ಇರುತ್ತಿದ್ದಳು. ಆ ತುದಿಯಲ್ಲಿ ಅವಳ ಲ್ಯಾಪ್‌ಟಾಪ್, ಈ ತುದಿಯಲ್ಲಿ ನಾನು ತಿದ್ದುವ ಪೇಪರ್, ನಡುವೆ ಒಂದು ತಟ್ಟೆ ನೆಲಗಡಲೆ. ಅವಳಿಗೆ ಏಕಾಂತ ಬೇಕು, ಒಳ್ಳೆಯದೇ ಆಯಿತು. ಇವತ್ತು ಮೇಜಿನಲ್ಲಿ ಕೂತು ತುಂಬ ಹೊತ್ತು ಕವಿತೆ ಓದಿದೆ. ಒಂದು ಸಾಲು ಚೆನ್ನಾಗಿ ಕಂಡು "ಕೇಳು ಮಗಾ" ಅಂದೆ. ಆಮೇಲೆ ನೆನಪಾಯಿತು.

ಫೆಬ್ರವರಿ ೧, ಆದಿತ್ಯವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗಿನ ವಿಡಿಯೋ ಕಾಲ್. ತೃಷಾ ಮೇಲಿನಿಂದ ತನ್ನ ಫೋನಿನಲ್ಲೇ ಸೇರಿಕೊಂಡಳು. ನಾನು ಅಡುಗೆಕೋಣೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತಿದ್ದೆ. ಲತೇಶ ಆಫೀಸಿನದ್ದೇನೋ ಕಥೆ ಹೇಳುತ್ತಿದ್ದ. ಕೇಳುವಾಗ ನಾನು ಅಲ್ಲಾಡುವುದಿಲ್ಲ. ಶಾಲೆಯಲ್ಲಿ ಮಕ್ಕಳೂ ಅದನ್ನೇ ಆಡಿಕೊಳ್ಳುತ್ತಾರೆ.

"ಅಕ್ಕ ಪುನಃ ಸ್ಟಕ್," ಅಂದಳು ಶರ್ಮಿಳಾ.

ಇಲ್ಲ ಮಾರಾಯ್ತಿ ಎನ್ನಬೇಕು, ಅಷ್ಟರಲ್ಲಿ ಲತೇಶ ನಕ್ಕ. "ನೋಡು ಜಯಕ್ಕನನ್ನು. ಗೋಡೆಯ ಫೋಟೋದ ಹಾಗೆ. ಹಾರ ಹಾಕುದೊಂದು ಬಾಕಿ."

"ಛೆ, ಸುಮ್ನಿರಿ. ತೃಷಾ, ನಿನಗೆ ಕೇಳಿಸ್ತದಲ್ಲ? ಫ್ಲಾಟಿನ ಕೀ ಸಿಕ್ಕಿತು ಮಗಾ. ಕರ್ಟನ್ ನೀನು ಹೇಳಿದ ಬಣ್ಣವೇ."

"ಬಾಲ್ಕನಿ ಇರುವ ರೂಮು ನನಗೇ ಅಲ್ವಾ? ಪ್ರಾಮಿಸ್ ಮಾಡಿದ್ದೀ ನೀನು."

ಅವಳ ಮಾತು ನನಗೆ ಎರಡೆರಡು ಸಲ ಕೇಳುತ್ತಿತ್ತು. ಮೇಲಿನ ನೆಲ ಹಲಗೆಯದು. ಮೊದಲು ಹಲಗೆಯ ಸಂದಿನಿಂದ, ಹಿಂದೆಯೇ ಫೋನಿನಿಂದ. ಒಮ್ಮೆ ಕೇಳಿದ್ದು ಸುಳ್ಳಿರಬಹುದು ಎಂದುಕೊಳ್ಳಲೂ ಬಿಡಲಿಲ್ಲ.

"ನಿನಗೇ. ಆದ್ರೆ ಪರೀಕ್ಷೆ ಮುಗಿಯುವವರೆಗೆ ದೊಡ್ಡಮ್ಮನಿಗೆ ಹೇಳ್ಬೇಡ. ಗೊತ್ತಾದ್ರೆ ಅಡುಗೆ ಗಿಡುಗೆ ಬಿಟ್ಟು ಪದ್ಯ ಹಿಡ್ಕೊಂಡು ಕೂರ್ತಾಳೆ. ನಿನ್ನನ್ನು ನೋಡ್ಲಿಕ್ಕೆ ಯಾರಿದ್ದಾರೆ?"

"ಪಾಪ ಅಮ್ಮ. ಅವರು ನಿಮಗೆ ಅಂತ ಮೇಲೆ ಸುಣ್ಣ ಹೊಡೆಸಿದ್ದಾರೆ. ಗೋಡೆ ಕೊರೆಸಿದ್ದಾರೆ."

"ಕೊರೆಸ್ಲಿ. ಮನೆಗೇ ಒಳ್ಳೆಯದಲ್ವಾ," ಅಂದ ಲತೇಶ.

"ನನಗೆ ಮಾತ್ರ ಪಾಪ ಅನ್ನಿಸುದಿಲ್ವಾ?" ಶರ್ಮಿಳಾಳ ದನಿ ಸಣ್ಣದಾಯಿತು. "ನಮ ಮೂಜಿ ಜನ ಒಂದೇ ಮನೆಯಲ್ಲಿ ಇದ್ದದ್ದು ಯಾವಾಗ ಹೇಳು?"

ನಮ ಮೂಜಿ ಜನ. ನಾವು ಮೂರು ಜನ.

ನಾನು ಕಣ್ಣು ಮಿಟುಕಿಸಲಿಲ್ಲ. ಯಾಕೆ ಎಂದು ಗೊತ್ತಿಲ್ಲ. ಫೋಟೋ ಅಂದುಕೊಂಡಿದ್ದರು, ಫೋಟೋದಂತೆ ಇದ್ದೆ. ಒಲೆಯ ಮೇಲೆ ಕುಕ್ಕರ್ ಉಸುಗುಟ್ಟಲು ಶುರುವಾಯಿತು. ಅದು ಸೀಟಿ ಹೊಡೆದರೆ ನಾನು ಇದ್ದೇನೆಂದು ಗೊತ್ತಾಗುತ್ತದೆ ಎಂಬ ಹೆದರಿಕೆ ನನಗೆ. ಕದ್ದು ಸಿಕ್ಕಿಬೀಳುವವಳ ಹಾಗೆ ಒಂದು ಬೆರಳು ಮಾತ್ರ ಚಾಚಿ ಕರೆ ಕಡಿದೆ.

ತೃಷಾ ಇಳಿದು ಬಂದಳು. "ನಿಮ್ಮದು ಕಟ್ ಆಯ್ತಾ ದೊಡ್ಡಮ್ಮ? ಎಕ್ಸ್‌ಟೆಂಡರ್ ಸರಿ ಇಲ್ಲ ಅಂತ ಕಾಣ್ತದೆ."

"ಹೌದು ಮಗಾ," ಅಂದೆ. "ಸರಿ ಇಲ್ಲ."

ಫೆಬ್ರವರಿ ೨, ಸೋಮವಾರ

ಬಂಗುಡೆ ಮೀನಿನ ಪುಳಿಮುಂಚಿ ಮಾಡಿದೆ. ಅವಳಿಗೆ ಇಷ್ಟ. ತಿಂದಳು.

ಫೆಬ್ರವರಿ ೬, ಶುಕ್ರವಾರ

ಮೇಜಿನ ಮೇಲೆ ಬಿಟ್ಟುಹೋದ ಅವಳ ಫೋನಿಗೆ ‘ಕರ್ಟನ್ ಅಂಗಡಿ ಪಂಪ್‌ವೆಲ್’ ಎಂಬ ಹೆಸರಿನಿಂದ ಕರೆ ಬಂತು. ನಾನು ಎತ್ತಲಿಲ್ಲ. ಸಂಜೆ ಬಸ್ಸಿನಲ್ಲಿ ಬರುವಾಗ ಪಂಪ್‌ವೆಲ್ ಫ್ಲೈಓವರ್‌ನ ಆಚೆ ಏಳುತ್ತಿರುವ ಹೊಸ ಕಟ್ಟಡಗಳನ್ನು ನೋಡಿದೆ. ಎಲ್ಲದಕ್ಕೂ ಬಾಲ್ಕನಿ ಉಂಟು. ಅವರ ಫ್ಲಾಟ್ ಇರುವುದು ಯಾವುದರಲ್ಲಿ ಎಂದು ಗೊತ್ತಾಗಲಿಲ್ಲ. ನಂತೂರಿನಲ್ಲಿ ಲಾರಿಗಳ ಸಾಲು ಸಿಗದಿದ್ದರೆ ನಮ್ಮ ಬಿಕರ್ನಕಟ್ಟೆಗೆ ಅಲ್ಲಿಂದ ಹತ್ತು ನಿಮಿಷ.

ಮಸ್ಕತ್ತಿಗೆ ಕರೆದುಕೊಂಡು ಹೋಗುತ್ತೇವೆ ಅಂದಿದ್ದರೆ ನಾನು ಅತ್ತುಬಿಡುತ್ತಿದ್ದೆ, ಹಪ್ಪಳ ಉಪ್ಪಿನಕಾಯಿ ಕಟ್ಟಿ ಕಳಿಸುತ್ತಿದ್ದೆ. ದೂರ ಹೋಗುವವರಿಗೆ ಮಾಡುವುದಕ್ಕೆ ಏನೇನೋ ಉಂಟು. ಹತ್ತು ನಿಮಿಷದ ದೂರಕ್ಕೆ ಹೋಗುವವರು ಇಲ್ಲಿ ಇರುವುದಿಲ್ಲ ಅಂತ ನಿರ್ಧರಿಸಿ ಹೋಗುವವರು.

ಅವರು ಒಟ್ಟಿಗೆ ಇರಬೇಕಾದದ್ದು ನ್ಯಾಯವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾನು ಆ ಬಿಳಿ ಡಬ್ಬಿ ತಂದ ದಿನ ಅವಳು ನಕ್ಕಳಲ್ಲ, ಅರ್ಧ ದಾರಿಯಲ್ಲಿ ಇಡಬೇಕು ಅಂತ ಹೇಳಿಕೊಟ್ಟಳಲ್ಲ, ಹೆಸರು ಬೇರೆ ಇಟ್ಟಳಲ್ಲ. ಆಗ ಅವಳಿಗೆ ಕರ್ಟನ್ನಿನ ಬಣ್ಣವೂ ಗೊತ್ತಿದ್ದಿರಬೇಕು.

ಫೆಬ್ರವರಿ ೧೦, ಮಂಗಳವಾರ

ಮೆಟ್ಟಿಲು ಹತ್ತುವಾಗ ಎಕ್ಸ್‌ಟೆಂಡರಿನ ಸ್ವಿಚ್ ಆರಿಸಿದೆ. ಸ್ವಲ್ಪ ಹೊತ್ತಿಗೆ ತೃಷಾ ಲ್ಯಾಪ್‌ಟಾಪ್ ತಬ್ಬಿಕೊಂಡು ಕೆಳಗೆ ಬಂದಳು. "ಮೇಲೆ ನೆಟ್ಟೇ ಇಲ್ಲ ದೊಡ್ಡಮ್ಮ. ಕೆಮಿಸ್ಟ್ರಿ ಕ್ಲಾಸ್ ಉಂಟು ಮಾರ್ರೆ ನನಗೆ." ಚಾವಡಿಯ ಮೇಜಿನ ತನ್ನ ತುದಿಯಲ್ಲಿ ಕೂತಳು. ನಾನು ನೆಲಗಡಲೆ ಹುರಿದೆ. ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು, ತಟ್ಟೆ ನೋಡದೆಯೇ ಕೈ ಹಾಕಿ ಹಾಕಿ ತಿಂದಳು.

ಒಳ್ಳೆಯ ಸಂಜೆ. ಅವಳು ಮಲಗಲು ಹತ್ತಿದ ಮೇಲೆ ಸ್ವಿಚ್ ಹಾಕಿದೆ.

ಫೆಬ್ರವರಿ ೧೨, ಗುರುವಾರ

ಇವತ್ತೂ ಆರಿಸಿದೆ. ಈ ಸಲ ಅವಳು ಲ್ಯಾಪ್‌ಟಾಪ್ ತರಲಿಲ್ಲ. ತಿರುವಿನಲ್ಲಿ ನಿಂತು ಸ್ವಿಚ್ ಹಾಕಿ, ನನ್ನನ್ನು ನೋಡಿದಳು.

"ನೀವೇ ಆಫ್ ಮಾಡಿದ್ದಾ?"

"ಹೌದು."

"ಮೊನ್ನೆಯೂ?"

"ಹೌದು."

"ಎಂತ ದೊಡ್ಡಮ್ಮ ಇದು, ಚಿಕ್ಕ ಮಕ್ಕಳ ಹಾಗೆ? ನನ್ನ ಟೆಸ್ಟ್ ಸಬ್‌ಮಿಟ್ ಆಗ್ಲಿಲ್ಲ."

"ಬಾಲ್ಕನಿ ಇರುವ ರೂಮಿನಲ್ಲಿ ಸಿಗ್ನಲ್ ಚೆನ್ನಾಗಿ ಬರಬಹುದು," ಅಂದೆ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾರು ಹೇಳಿದ್ದು ಎಂದು ಕೇಳಿದಳು. ಯಾರೂ ಹೇಳಲಿಲ್ಲ, ಆ ದಿನ ನಾನು ಸ್ಟಕ್ ಆಗಿರಲಿಲ್ಲ ಎಂದೆ. ಲೆಕ್ಕ ಹಾಕುವವಳಂತೆ ತುಸು ಹೊತ್ತು ನೋಡಿದಳು. ಆಮೇಲೆ ಅಳತೊಡಗಿದಳು.

"ನಾನು ಹೇಳ್ಬೇಕು ಅಂತಲೇ ಇದ್ದೆ. ಅಮ್ಮ ಬೇಡ ಅಂತ ಹೇಳಿದ್ದು. ನೀವು ಅಷ್ಟು ಖುಷಿಯಲ್ಲಿ ಎಲ್ಲ ಮಾಡಿಸ್ತಾ ಇದ್ರಿ, ಹೇಗೆ ಹೇಳುದು?"

"ಎಷ್ಟು ಸಮಯ ಆಯ್ತು?"

"ದೀಪಾವಳಿಯಿಂದ."

ನನಗೆ ಸಮಾಧಾನ ಮಾಡಬೇಕೆಂದೇ ಇರಬೇಕು, ಕೆನ್ನೆ ಒರೆಸಿಕೊಂಡು ಹೇಳಿದಳು. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆಯುತ್ತೇನೆ: "ಎಂಕುಲು ಅಡೆ ಪೋಯಿ ಬೊಕ್ಕ ಈರ್ ದಿನಾಲಾ ಬರೊಲಿ." ನಾವು ಅಲ್ಲಿಗೆ ಹೋದ ಮೇಲೆ ನೀವು ದಿನಾ ಬರಬಹುದು.

ಎಂಕುಲು. ಅವಳಿಗೆ ತಾನು ಏನು ಹೇಳಿದೆ ಎಂಬುದೇ ಗೊತ್ತಿಲ್ಲ. ವ್ಯಾಕರಣ ತಪ್ಪಿರಲಿಲ್ಲ. ನನ್ನ ಎದುರಿಗೆ, ನನ್ನ ಬಗ್ಗೆ, ಬಳಸಬೇಕಾದ ಸರಿಯಾದ ಶಬ್ದ ಅದೇ. ತುಳುವರಲ್ಲಿ ಮಕ್ಕಳು ತಾಯಿಯ ಬಳಿಗೆ, ಎಂದರೆ ಅವಳ ಕುಲಕ್ಕೆ, ಸೇರಿದವರು; ಅಮ್ಮನದ್ದು, ನನ್ನದು, ಶರ್ಮಿಳಾಳದ್ದು, ಈ ಹುಡುಗಿಯದ್ದು ಒಂದೇ ಬಳಿ. ಲತೇಶನದ್ದು ಬೇರೆ. ಆದರೂ ಇವತ್ತು ಆ ‘ನಾವು’ ಎಂಬುದರ ಒಳಗೆ ಅವನಿದ್ದಾನೆ, ನಾನಿಲ್ಲ.

"ಹೋಗಿ ಓದು," ಅಂದೆ.

ಫೆಬ್ರವರಿ ೨೮, ಶನಿವಾರ

ಮೊದಲ ಪೇಪರ್ ಕನ್ನಡ. ಬೆಳಿಗ್ಗೆ ಇಡ್ಲಿ ಬೇಯಿಸಿದೆ. ಗೇಟಿನವರೆಗೆ ಹೋದೆ. ಪ್ರತಿ ಪರೀಕ್ಷೆಗೂ ಮಾಡುವಂತೆ ಕಾಲು ಮುಟ್ಟಿದಳು. ತಲೆಯ ಮೇಲೆ ಕೈ ಇಟ್ಟೆ. ಕೂದಲಿಗೆ ಎಣ್ಣೆ ಹಾಕಿರಲಿಲ್ಲ.

ಮಾರ್ಚ್ ೧೯, ಗುರುವಾರ

ಎಲ್ಲ ಮುಗಿಯಿತು. ಅವಳ ಬಟ್ಟೆ, ಪುಸ್ತಕ ಪೆಟ್ಟಿಗೆ ಸೇರುತ್ತಿವೆ. ಎಲ್ಲಿಗೆ ಎಂದು ಈಗ ಮುಚ್ಚುಮರೆಯಿಲ್ಲ. "ಇದು ಇಲ್ಲೇ ಇರ್ಲಿ, ಬಂದಾಗ ಬೇಕಾಗ್ತದೆ" ಅಂತ ಒಂದು ನೈಟಿ, ಒಂದು ಟವೆಲ್ ಮೇಲಿನ ಕಪಾಟಿನಲ್ಲಿ ಬಿಟ್ಟಳು. ನಾನು ಎರಡನ್ನೂ ಒಗೆದು ಒಣಗಿಸಿ ಅವಳ ಪೆಟ್ಟಿಗೆಯಲ್ಲೇ ಇಟ್ಟೆ.

ಡುಲ್ಸಿನ್ ಬಾಯಿ ಗೇಟಿನಲ್ಲಿ ಸಿಕ್ಕಿದರು. ಮೇಲಿನ ಕೋಣೆ ಬಾಡಿಗೆಗೆ ಕೊಡ್ತೀರಾ, ನಮ್ಮ ಚರ್ಚಿನ ಕಡೆಯ ಇಬ್ಬರು ನರ್ಸ್ ಹುಡುಗಿಯರು ಹುಡುಕ್ತಾ ಇದ್ದಾರೆ ಎಂದು ಕೇಳಿದರು. "ಮೇಲೆ ನೆಟ್ ಬರ್ತದಾ ಅಂತ ಅವರು ಮೊದಲೇ ಕೇಳಿದ್ದು ಟೀಚರ್."

"ಚೆನ್ನಾಗಿ ಬರ್ತದೆ. ಬಂದು ನೋಡ್ಲಿ," ಅಂದೆ.

ಏಪ್ರಿಲ್ ೧೨, ಆದಿತ್ಯವಾರ

ಶರ್ಮಿಳಾ ಬಂದಿದ್ದಳು. ಮಸ್ಕತ್ತಿನಿಂದ ಇಳಿದು ವಾರವಾಯಿತು. ಗಂಡನ ಮನೆಯವರೊಟ್ಟಿಗೆ ಇದ್ದಾರೆ. ಫ್ಲಾಟಿನ ಗೃಹಪ್ರವೇಶದ ಆಮಂತ್ರಣ ಪತ್ರ, ಒಂದು ಸೀರೆ, ಬಾದಾಮಿ, ಖರ್ಜೂರ. ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಳು.

"ನನ್ನ ಮೇಲೆ ಕೋಪ ಉಂಟಾ ಅಕ್ಕ?"

"ಕೂತ್ಕೋ. ಚಾ ಮಾಡ್ತೇನೆ."

"ಅವತ್ತು ಫೋನಲ್ಲಿ ನಾನು ಹೇಳ್ಲಿಕ್ಕೆ ಶುರು ಮಾಡಿದ್ದೆ ಗೊತ್ತುಂಟಾ? ಮನೆಯ ವಿಷಯ ಅಂತ. ನಿನ್ನ ನೆಟ್ ಹೋಯ್ತು."

"ಪುನಃ ಬಂತಲ್ಲ. ಆಗ ನೀನು ‘ಆಯ್ತಕ್ಕ’ ಅಂತ ಹೇಳಿದ್ದು."

ಅವಳು ಚಾದ ಲೋಟ ತಿರುಗಿಸುತ್ತ ಕೂತಳು. ಆಮೇಲೆ ಬಂದ ಕೆಲಸ ಹೇಳಿದಳು. "ಹಾಲು ಉಕ್ಕಿಸುದು ನೀನೇ ಅಕ್ಕ. ಅಮ್ಮ ಇಲ್ಲ, ನಮ್ಮ ಬಳಿಯಲ್ಲಿ ಹಿರಿಯವಳು ಅಂತ ಇರುದು ನೀನು ಒಬ್ಬಳೇ. ಬೆಳಿಗ್ಗೆ ಬೇಗ ಬಂದುಬಿಡು. ಇವರು ಕಾರು ಕಳಿಸ್ತಾರೆ."

"ನನಗೆ ಆಗುದಿಲ್ಲ ಶರ್ಮಿಳಾ."

"ಎಂತ ಆಗುದಿಲ್ಲ?"

"ಹಾಲು ಉಕ್ಕಿಸ್ಲಿಕ್ಕೆ. ಮಧ್ಯಾಹ್ನ ಊಟಕ್ಕೆ ಬರ್ತೇನೆ."

"ಅದಕ್ಕೆಲ್ಲ ಹಟ ಮಾಡುದಾ ಅಕ್ಕ? ಜನ ಎಂತ ಹೇಳ್ಲಿಕ್ಕಿಲ್ಲ?"

ಚಾ ಆರಿತು, ಬಿಸಿ ಮಾಡಿ ಕೊಡಲಾ ಎಂದು ಕೇಳಿದೆ. ಬೇಡ ಅಂದಳು. ಮೇಲೆ ಹೆಜ್ಜೆಯ ಸದ್ದು ಕೇಳಿ ತಲೆ ಎತ್ತಿದಳು. ಬಾಡಿಗೆಯವರು ಅಂದೆ. ಅವಳು ಚಾ ಹಾಗೇ ಬಿಟ್ಟು ಎದ್ದಳು.

ಏಪ್ರಿಲ್ ೨೬, ಆದಿತ್ಯವಾರ

ಗೃಹಪ್ರವೇಶ. ಮಧ್ಯಾಹ್ನ ಹೋದೆ. ಹಳೆಯ ಹಸಿರು ಸೀರೆ ಉಟ್ಟೆ, ಕೊಟ್ಟದ್ದಲ್ಲ. ಫ್ಲಾಟು ಚೆನ್ನಾಗಿದೆ. ಬಾಲ್ಕನಿಯಿಂದ ಹೆದ್ದಾರಿ ಕಾಣುತ್ತದೆ. ಹಾಲು ಉಕ್ಕಿಸಿದ್ದು ಲತೇಶನ ಅಕ್ಕ ಅಂತೆ.

ಊಟ ಕೆಳಗೆ ಪಾರ್ಕಿಂಗ್‌ನಲ್ಲಿ, ಶಾಮಿಯಾನ ಹಾಕಿ, ಎಲೆಯಲ್ಲಿ. ಶರ್ಮಿಳಾ ನನ್ನನ್ನು ತಮ್ಮವರ ಸಾಲಿಗೆ ಎಳೆಯಲು ಬಂದಳು. ಆಗಲೇ ಒಂದು ತುದಿಯಲ್ಲಿ ಕೂತಾಗಿತ್ತು, ಏಳಲಿಲ್ಲ. ಪಕ್ಕದಲ್ಲಿ ಲತೇಶನ ಕಡೆಯ ವಯಸ್ಸಾದ ಹೆಂಗಸು. ಮಾತು ಬೇಕಾಗಿತ್ತು ಅವರಿಗೆ.

"ನಿಮಗೆ ಎಲ್ಲಿ ಆಯ್ತು?"

"ಬಿಕರ್ನಕಟ್ಟೆ."

"ಓ, ಹುಡುಗಿ ಮೊದಲು ಇದ್ದದ್ದೂ ಅಲ್ಲೇ ಅಲ್ವಾ? ನೀವು ಅವರ ನೆರೆಕರೆಯಾ?"

"ಹೌದು," ಅಂದೆ. "ನೆರೆಕರೆ."

ಸುಳ್ಳು ಹೇಳಿದೆ ಅಂತ ಅನ್ನಿಸಲಿಲ್ಲ. ಉಪ್ಪಿನಕಾಯಿ ಚೆನ್ನಾಗಿತ್ತು.

ತೃಷಾ ಪಾಯಸದ ಬಾಲ್ದಿ ಹಿಡಿದು ಬಡಿಸುತ್ತಿದ್ದಳು. ಹೊಸ ಲಂಗ ದಾವಣಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ನಾನು ಸಿಕ್ಕಿಸುವ ಹಾಗೆಯೇ. ನಮ್ಮ ಮಾತು ಕೇಳಿತೋ ಇಲ್ಲವೋ ತಿಳಿಯದು. ನನ್ನ ಎಲೆಯ ಮುಂದೆ ಬಗ್ಗಿ ಒಂದು ಸೌಟು ಹಾಕಿದಳು. ಇನ್ನೊಂದು ತುಂಬಿದಳು.

"ಸಾಕು, ಇನ್ನು ಹಾಕ್ಬೇಡಿ," ಅಂದೆ.

ಅವಳ ಸೌಟು ಅಲ್ಲೇ ನಿಂತಿತು. "ಎಂತ ದೊಡ್ಡಮ್ಮ, ನನಗೆ ‘ಹಾಕ್ಬೇಡಿ’ ಅಂತ ಹೇಳುದಾ?"

ಹಾಗೆ ಅಂದೆನೇ? ನನಗೆ ಗೊತ್ತಾಗಿರಲಿಲ್ಲ. ಸರಿ ಮಾಡಿ ಹೇಳೋಣ ಎಂದರೆ ಬಾಯಿಯಲ್ಲಿ ಪಾಯಸ ಇತ್ತು. ಅವಳು ಬಾಲ್ದಿ ಹಿಡಿದುಕೊಂಡೇ ಕಾದಳು. ಸಾಲಿನಲ್ಲಿ ಆಚೆ ಯಾರೋ "ಪಾಯಸ ಇತ್ತ ಬರ್ಲಿ" ಎಂದು ಕರೆದರು. ಹೋದಳು.

ನಾಳೆಯಿಂದ ಮೌಲ್ಯಮಾಪನ. ಬೇಗ ಮಲಗಬೇಕು.